ಮಗು ಹುಟ್ಟಿದ್ದು ಯಾವತ್ತು

ಗೋಪಾಳ, ಶಿವಮೊಗ್ಗ
4 ನವೆಂಬರ್ 2025

ಸುಮೇರಾ,

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಐದು ತಿಂಗಳಾಯಿತು. ಅದಕ್ಕೇ ಅಂಚೆ. ಶಿವಮೊಗ್ಗದಿಂದ ಭದ್ರಾವತಿಗೆ ಕಾಗದ ಬರೆಯುವವಳು ಈಗ ನಾನೊಬ್ಬಳೇ ಇರಬೇಕು. ವಿಷಯವನ್ನು ಕ್ರಮವಾಗಿ ಬರೆಯುತ್ತೇನೆ.

ಹಿನ್ನೆಲೆ: ಸವಳಂಗ ರಸ್ತೆಯ ನಮ್ಮ ಮಕ್ಕಳ ಕ್ಲಿನಿಕ್ಕಿನಲ್ಲಿ ನೀನು ಫೋನಿನ ಪಕ್ಕ ಕೂತು ಉತ್ತರ ಕೊಡುತ್ತಿದ್ದ ಜಾಗಕ್ಕೆ ಜೂನ್ ಒಂದರಿಂದ ವಾಟ್ಸಾಪ್ ಲೈನ್ ಬಂದದ್ದು ನಿನಗೆ ಗೊತ್ತು. ತಾಯಂದಿರು ಕೇಳುತ್ತಾರೆ, ಎಐ ಉತ್ತರ ಕೊಡುತ್ತದೆ. ಅದು ಹೇಗೆ ಉತ್ತರಿಸಬೇಕು ಅನ್ನುವ ಸೂಚನೆಯನ್ನು, ಅಂದರೆ ಪ್ರಾಂಪ್ಟನ್ನು, ಬರೆದವಳು ನಾನು. ಯಾರು ಏನೇ ಕೇಳಲಿ, ಉತ್ತರ ನಾಲ್ಕೇ ಸಾಲು. ವಯಸ್ಸು, ತೊಂದರೆ, ಈಗ ಮಾಡಬೇಕಾದದ್ದು, ಕ್ಲಿನಿಕ್ಕಿಗೆ ಯಾವಾಗ ಬರಬೇಕು. ಮೂರು ತಿಂಗಳು ತುಂಬದ ಮಗುವಿಗೆ ಜ್ವರ ಅಂದರೆ 'ಈಗಲೇ ಹೊರಡಿ'. ಮೂರು ತಿಂಗಳು ಅಥವಾ ಅದಕ್ಕೆ ಮೇಲೆ ಅಂದರೆ 'ಒಂದು ದಿನ ನೋಡಿ'.

ನಡೆದದ್ದು: ಅಕ್ಟೋಬರ್ 30, ಗುರುವಾರ, ಭದ್ರಾವತಿಯ ಜನ್ನಾಪುರದಿಂದ ಒಬ್ಬ ಅಜ್ಜಿ ಮಾತನಾಡಿ ಕಳಿಸಿದ ಸಂದೇಶ: 'ಜನ್ನಾಪುರದಿಂದ ಮಾತಾಡ್ತಿರೋದು. ಮಗೂಗೆ ಮೂರು ತಿಂಗಳು. ಬೆಳಗ್ಗೆಯಿಂದ ಮೈ ಬಿಸಿ ಇದೆ. ಏನ್ ಮಾಡೋದು ಹೇಳಿ.' ಒಂದು ದಿನ ನೋಡಿ ಎಂದು ಉತ್ತರ ಹೋಗಿದೆ. ಆ ಮಗುವಿಗೆ ಮೂರು ತಿಂಗಳು ತುಂಬಿರಲಿಲ್ಲ ಎಂದು ನನಗೆ ಅನುಮಾನ. ನಿನ್ನೆ ಆ ನಂಬರಿಗೆ ಫೋನ್ ಮಾಡಿದೆ. ಯಾರೋ ಗಂಡಸು ಎತ್ತಿ, 'ಆಸ್ಪತ್ರೇಲಿದೀವಿ, ಆಮೇಲ್ ಮಾಡಿ' ಎಂದು ಇಟ್ಟುಬಿಟ್ಟರು. ಅಲ್ಲಿಂದ ಸ್ವಿಚ್ ಆಫ್.

ನಿನ್ನಿಂದ ಬೇಕಾದದ್ದು: ನಿಮ್ಮ ಹೊಸಮನೆಯಿಂದ ಜನ್ನಾಪುರ ದೂರವಲ್ಲ. ಆ ಮನೆಯನ್ನು ಹುಡುಕಬೇಕು.

ಉತ್ತರ ಬರೆಯುವ ರೀತಿ: ಮೊದಲ ಸಾಲಿನಲ್ಲಿ ಮಗು ಇದೆಯೋ ಇಲ್ಲವೋ ಅಷ್ಟು ಬರೆ. ಮಿಕ್ಕದ್ದು ಆಮೇಲೆ.

ಇಂತಿ,
ಸಮತಾ

*

ಹೊಸಮನೆ, ಭದ್ರಾವತಿ
10 ನವೆಂಬರ್ 2025

ಸಮತಾ ಮೇಡಂ ಅವರಿಗೆ,

ಕಾಗದ ಬಂತು. ಕೈಬರಹ ನಿನ್ನದೇ. ಮಾತು ನಿನ್ನದಲ್ಲ. ಹಿನ್ನೆಲೆ, ನಡೆದದ್ದು, ಬೇಕಾದದ್ದು, ಉತ್ತರ ಬರೆಯುವ ರೀತಿ. ಇದನ್ನು ನೀನೇ ಬರೆದೆಯೋ, ಅದರ ಕೈಯಲ್ಲಿ ಬರೆಸಿ ನೋಡಿಕೊಂಡು ಇಳಿಸಿದೆಯೋ? ಅಮ್ಮಿಗೆ ಓದಿ ಹೇಳಿದೆ. 'ಕೋರ್ಟ್ ನೋಟೀಸಾ ಬೇಟಿ?' ಅಂದರು.

ನಾನು ಮಷೀನ್ ಅಲ್ಲ ಮಾರಾಯ್ತಿ. ಮೊದಲ ಸಾಲಿನಲ್ಲಿ ಇದನ್ನು ಹಾಕು ಅಂದರೆ ಹಾಕುವವಳಲ್ಲ. ಆರು ವರ್ಷ ಆ ಫೋನಿನ ಪಕ್ಕ ಕೂತ ನರ್ಸ್ ನಾನು. ಬಂದ ಪ್ರಶ್ನೆ, ಕೊಟ್ಟ ಉತ್ತರ, ಎಲ್ಲವನ್ನೂ ನೀಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, ನನ್ನ ನಂತರ ಬರುವ ಹುಡುಗಿ ಕಲಿಯಲಿ ಅಂತ. 'ಎರಡು ದಿನ ಕೊಡೇ, ನೋಡಿ ಕೊಡ್ತೀನಿ' ಎಂದು ನೀನು ಕೇಳಿದೆ. ದಿನಾ ನನ್ನ ಡಬ್ಬಿಯಿಂದ ಅರ್ಧ ಬಿರಿಯಾನಿ ತಿನ್ನುವವಳು, ಯಾಕೆ ಅಂತ ಕೇಳದೆ ಕೊಟ್ಟೆ. ಪ್ರಸನ್ನಕುಮಾರ್ ಡಾಕ್ಟರ್ ನನ್ನನ್ನು ಒಳಗೆ ಕರೆದು 'ಇನ್ಮೇಲೆ ಫೋನಿಗೆ ಜನ ಬೇಕಾಗಲ್ಲಮ್ಮ' ಅಂದ ದಿನ, ಅವರ ಟೇಬಲ್ಲಿನ ಮೇಲೆ ಅದೇ ನೋಟ್‌ಬುಕ್ ಇತ್ತು. ನನ್ನ ನಂತರ ಬಂದ ಹುಡುಗಿ ಯಾರು ಅಂತ ಆಗ ಗೊತ್ತಾಯಿತು.

ಇರಲಿ. ಆ ಸಂದೇಶ ಬಂದದ್ದು ಎಷ್ಟು ಗಂಟೆಗೆ? ಆ ನಂಬರಿನ ಕೊನೆಯ ನಾಲ್ಕು ಅಂಕಿ ಯಾವುವು? ಮಗುವಿಗೆ ಮೂರು ತುಂಬಿರಲಿಲ್ಲ ಅಂತ ಶಿವಮೊಗ್ಗದಲ್ಲಿ ಕೂತು ನಿನಗೆ ಹೇಗೆ ಗೊತ್ತಾಯಿತು?

ಈ ಸಲ ಹೆಡ್ಡಿಂಗ್ ಹಾಕದೆ ಬರೆ.

ಸುಮೇರಾ

*

ಗೋಪಾಳ
13 ನವೆಂಬರ್ 2025

ಸುಮೇರಾ,

ಸಂದೇಶ ಬಂದದ್ದು ಸಂಜೆ ನಾಲ್ಕೂ ಹತ್ತಕ್ಕೆ. ಕೊನೆಯ ಅಂಕಿಗಳು 4471.

ಹೇಗೆ ಗೊತ್ತಾಯಿತು ಅಂದರೆ, ನನಗೊಂದು ಮಗಳು ಹುಟ್ಟಿದ್ದಾಳೆ. ನೀನು ಹೋಗುವಾಗ ನನಗೆ ಆರು ತಿಂಗಳು, ನಿನಗೆ ನೆನಪಿರಬಹುದು. ಅಮ್ಮ ಇಲ್ಲದ ನನಗೆ ಅತ್ತೆ ಸುವರ್ಣಮ್ಮನೇ ಬಾಣಂತನ ಮಾಡುತ್ತಿದ್ದಾರೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬೆಳಗ್ಗೆ ಸಂಜೆ ಸಾಂಬ್ರಾಣಿ ಹೊಗೆ. ಫೋನ್ ನೋಡಿದರೆ ಕಣ್ಣು ಹೋಗುತ್ತದಂತೆ. ಹೊಸ್ತಿಲು ದಾಟುವಂತಿಲ್ಲ. ಈ ಕಾಗದಗಳನ್ನು ಅಂಚೆ ಡಬ್ಬಿಗೆ ಹಾಕುತ್ತಿರುವುದು ದುಶ್ಯಂತ್. ಹೆಂಡತಿ ಗೆಳತಿಯ ಹತ್ತಿರ ರಾಜಿ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದಾರೆ. ಅವರಿಗೆ ಏನೂ ಹೇಳಿಲ್ಲ.

ನವೆಂಬರ್ ಮೂರರ ಬೆಳಗ್ಗೆ ಕೋಟೆ ಏರಿಯಾದಿಂದ ಅತ್ತೆಯ ಪರಿಚಯದವರೊಬ್ಬರು ಮಗು ನೋಡಲು ಬಂದಿದ್ದರು. 'ಎಷ್ಟಾಯ್ತು ಮೊಮ್ಮಗಳಿಗೆ?' ಅಂದರು. ಅತ್ತೆ 'ಮೂರು' ಅಂದರು. ನಾನು ನಕ್ಕು, 'ಅತ್ತೆ, ಎರಡು ತುಂಬಿ ಇನ್ನೂ ವಾರ ಆಗಿಲ್ಲ' ಅಂದೆ. ಅತ್ತೆಗೆ ಸಿಟ್ಟು ಬಂತು. 'ತುಂಬಿದ್ದು ಎರಡಾದ್ರೆ ನಡೀತಿರೋದು ಮೂರಲ್ವೇನೆ? ನಾವು ನಡೆಯೋ ತಿಂಗಳನ್ನೇ ಹೇಳೋದು. ನಿನ್ನ ಗಂಡಂಗೂ ಹಂಗೇ ಹೇಳಿದ್ದು.' ಬಂದವರು 'ಹೌದಮ್ಮ, ಹಂಗೇ' ಎಂದು ತಲೆಯಾಡಿಸಿದರು.

ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿ ಒಳಗೆ ಹೋದೆ. ಲ್ಯಾಪ್‌ಟಾಪ್ ತೆಗೆದೆ. ಜೂನ್‌ನಿಂದ ಬಂದ ಸಂದೇಶಗಳಲ್ಲಿ 'ಮೂರು ತಿಂಗಳು' ಜೊತೆಗೆ 'ಜ್ವರ' ಅಥವಾ 'ಮೈ ಬಿಸಿ' ಇದ್ದವು ಎಷ್ಟು ಎಂದು ಹುಡುಕಿದೆ. ಹನ್ನೊಂದು. ಬಚ್ಚಲಲ್ಲಿ ನಿಂತು ಹನ್ನೊಂದು ಮನೆಗೂ ಫೋನ್ ಮಾಡಿದೆ, 'ಕ್ಲಿನಿಕ್ಕಿಂದ, ಮಗು ಹೇಗಿದೆ ಅಂತ ಕೇಳೋಕೆ' ಎಂದು. ಹತ್ತು ಮಕ್ಕಳು ಚೆನ್ನಾಗಿವೆ. ಆ ಹತ್ತರಲ್ಲಿ ನಾಲ್ಕಕ್ಕೆ ಮೂರು ತುಂಬಿರಲಿಲ್ಲ. ಅದೃಷ್ಟದಿಂದ ಉಳಿದುಕೊಂಡಿವೆ. ಹನ್ನೊಂದನೆಯದು ಜನ್ನಾಪುರ.

ಇನ್ನೊಂದು ಹೇಳಬೇಕು. ನಿನ್ನ ನೋಟ್‌ಬುಕ್ಕನ್ನು ಮತ್ತೆ ಓದಿದೆ. ಒಂದೊಂದು ಪುಟದಲ್ಲೂ, ತಾಯಿ ಏನೇ ಕೇಳಿರಲಿ, ನಿನ್ನ ಮೊದಲ ಮಾತು ಒಂದೇ: 'ಮಗು ಹುಟ್ಟಿದ್ದು ಯಾವತ್ತಮ್ಮ?' ಅವರು 'ಯುಗಾದಿ ಹಿಂದಿನ ದಿನ' ಅನ್ನುತ್ತಾರೆ, 'ರಂಜಾನ್ ಚಂದ್ರ ಕಂಡ ರಾತ್ರಿ' ಅನ್ನುತ್ತಾರೆ, 'ನಮ್ಮೂರಲ್ಲಿ ಕರೆಂಟ್ ಹೋಗಿತ್ತಲ್ಲ, ಆ ಶನಿವಾರ' ಅನ್ನುತ್ತಾರೆ. ಆಮೇಲೆ ನೀನು ಲೆಕ್ಕ ಹಾಕಿ ಉತ್ತರ ಕೊಡುತ್ತೀಯ. ನಿನ್ನ ಪುಟಗಳನ್ನೇ ನಾನು ಎಐಗೆ ಮಾದರಿಯಾಗಿ ಕೊಟ್ಟದ್ದು. ಕೊಡುವಾಗ ಆ ಸಾಲುಗಳನ್ನೆಲ್ಲ ಅಳಿಸಿದೆ. ಹರಟೆ ಎಂದುಕೊಂಡೆ, ಸುಮೇರಾ. ಒಬ್ಬರಿಗೆ ಯುಗಾದಿ, ಇನ್ನೊಬ್ಬರಿಗೆ ರಂಜಾನ್ ಎಂದು ಮಾದರಿಗಳು ಒಂದೊಂದು ಥರ ಇದ್ದರೆ ಉತ್ತರವೂ ಒಂದೊಂದು ಥರ ಬರುತ್ತದೆ. ನನಗೆ ಎಲ್ಲವೂ ಒಂದೇ ಥರ ಬೇಕಿತ್ತು. 'ಮರುಪ್ರಶ್ನೆ ಕೇಳಬೇಡ, ಒಂದೇ ಸಲಕ್ಕೆ ಉತ್ತರ ಕೊಡು, ನಾಲ್ಕು ಸಾಲಿನಲ್ಲಿ ಯಾವುದನ್ನೂ ಖಾಲಿ ಬಿಡಬೇಡ' ಎಂದು ಬರೆದೆ. ಒಂದೇ ಪ್ರಶ್ನೆಯನ್ನು ಐವತ್ತು ಸಲ ಕೇಳಿದೆ. ಐವತ್ತು ಸಲವೂ ಅದೇ ನಾಲ್ಕು ಸಾಲು ಬಂತು. ಡಾಕ್ಟರ್ ಪೇಡೆ ತರಿಸಿದರು.

ಆ ನವೆಂಬರ್ ಮೂರರಂದೇ ಪ್ರಾಂಪ್ಟ್ ಒಳಗೆ ಹೋಗಿ, ಆರು ತಿಂಗಳೊಳಗಿನ ಯಾವ ಮಗುವಿಗೆ ಜ್ವರ ಅಂದರೂ 'ಈಗಲೇ ಹೊರಡಿ' ಎಂದು ಬದಲಾಯಿಸಿದೆ. ಡಾಕ್ಟರಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ನಿದ್ದೆ ಇಲ್ಲ. ಗಂಟೆಗೊಂದು ಸಲ ಮಗಳ ಮೈ ಮುಟ್ಟುತ್ತೇನೆ, ಥರ್ಮಾಮೀಟರ್ ಇಡುತ್ತೇನೆ, ಬರೆದಿಡುತ್ತೇನೆ. ಅವಳ ಮೈ ತಣ್ಣಗಿದ್ದಷ್ಟೂ ಆ ಇನ್ನೊಂದು ಮಗುವಿನ ಮೈ ನನ್ನ ಕೈಗೆ ಬಿಸಿಯಾಗಿ ತಾಗುತ್ತದೆ. ಹುಡುಕು, ದಮ್ಮಯ್ಯ.

ಸಮತಾ

*

ಹೊಸಮನೆ
19 ನವೆಂಬರ್ 2025

ಸಮತಾ,

ಜನ್ನಾಪುರಕ್ಕೆ ಹೋಗಿದ್ದೆ. ಮನೆ ಸಿಕ್ಕಿತು. ಅಜ್ಜಿಯ ಹೆಸರು ವಿಮಲಮ್ಮ, ಮಗುವಿನ ತಾಯಿ ಸಂಧ್ಯಾ. ಬೀಗ ಹಾಕಿದೆ. ಎದುರುಮನೆಯ ತಮಿಳಮ್ಮ 'ಎಲ್ಲಾ ಆಸ್ಪತ್ರೆಗೆ ಹೋಗಿದಾರೆ, ಯಾವ್ದು ಅಂತ ಗೊತ್ತಿಲ್ಲ' ಅಂದರು. ಜಗುಲಿಯ ಹಗ್ಗದಲ್ಲಿ ಮಗುವಿನ ಬಟ್ಟೆ ಹಾಗೇ ಇತ್ತು. ಯಾರೂ ಒಳಗೆ ತೆಗೆದಿಟ್ಟಿಲ್ಲ.

ಡಾಕ್ಟರಿಗೆ ಹೇಳು. ಬಚ್ಚಲಲ್ಲಿ ನಿಂತು ಎಷ್ಟು ದಿನ ಫೋನ್ ಮಾಡುತ್ತೀಯ? ಅದು ತಿಂಗಳು ಲೆಕ್ಕ ಹಾಕುವುದರಲ್ಲೇ ತಪ್ಪಿದ್ದರೆ ಜ್ವರ ಒಂದರಲ್ಲೇ ಯಾಕೆ ತಪ್ಪುತ್ತದೆ? ಔಷಧಿಯ ಅಳತೆ? ನೀರು ಕುಡಿಸಬಹುದಾ ಅನ್ನುವುದು? ಯೋಚಿಸಿದೆಯಾ?

ಬೇರೆ ಏನೂ ಬರೆಯಲು ಇಲ್ಲ.

ಸುಮೇರಾ

*

ಗೋಪಾಳ
22 ನವೆಂಬರ್ 2025

ಸುಮೇರಾ,

ಯೋಚಿಸಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಯೋಚಿಸಿದೆ.

ನಿನ್ನೆ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಡಾಕ್ಟರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವರು 'ಕಂಪ್ಲೇಂಟ್ ಏನಾದ್ರೂ ಬಂದಿದ್ಯಾ?' ಅಂದರು. ಇಲ್ಲ ಅಂದೆ. 'ಹಾಗಾದ್ರೆ ಅದನ್ನ ಎದೆಗೆ ಹಚ್ಕೋಬೇಡಿ. ಬಾಣಂತಿ ನೀವು, ಹಾಲು ಬತ್ತುತ್ತೆ' ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, 'ಲೈನ್ ಆಫ್ ಮಾಡಿ. ಈಗಲೇ ಮಾಡಿ. ನಾನು ಲೈನಲ್ಲೇ ಇರ್ತೀನಿ' ಅಂದರು. ಮಾಡಿದೆ. ಎಲ್ಲ ಉತ್ತರಗಳನ್ನೂ ಒಂದೊಂದಾಗಿ ಓದುತ್ತೇನೆ ಎಂದು ತರಿಸಿಕೊಂಡಿದ್ದಾರೆ. ಎರಡು ಸಾವಿರದ ಮುನ್ನೂರು ಇವೆ.

ಅವರು ಬೈದಿದ್ದರೆ ನಿದ್ದೆ ಬರುತ್ತಿತ್ತೇನೋ.

ಹಗ್ಗದ ಮೇಲಿನ ಬಟ್ಟೆಯ ವಿಷಯ ಯಾಕೆ ಬರೆದೆ ನೀನು? ನಮ್ಮ ಹಗ್ಗದಲ್ಲಿ ಒಣಗಿದ್ದನ್ನೆಲ್ಲ ಈಗ ನಾನು ಬಿಸಿಲು ಇಳಿಯುವ ಮೊದಲೇ ಒಳಗೆ ತರುತ್ತೇನೆ. 'ಇನ್ನೂ ಹಸಿ ಇದೆ ಕಣೆ, ಬಿಡು' ಎಂದು ಅತ್ತೆ ಕೂಗಿದರೂ ಬಿಡುವುದಿಲ್ಲ.

ಯಾವ ಆಸ್ಪತ್ರೆ ಎಂದು ತಿಳಿದರೆ ಸಾಕು.

ಸಮತಾ

*

ಗೋಪಾಳ
1 ಡಿಸೆಂಬರ್ 2025

ಸುಮೇರಾ,

ಒಂಬತ್ತು ದಿನವಾಯಿತು, ನಿನ್ನಿಂದ ಕಾಗದವಿಲ್ಲ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಕಿಟಕಿಯ ಹತ್ತಿರ ಕೂರುತ್ತೇನೆ. ಅವನು ನಮ್ಮ ಗೇಟಿನ ಮುಂದೆ ನಿಧಾನ ಮಾಡದೆ ಹೋಗುತ್ತಾನೆ.

ಕೆಟ್ಟದ್ದಾದರೆ ಹೇಳಲು ಆಗದೆ ಸುಮ್ಮನಿದ್ದೀಯ ಅನ್ನಿಸುತ್ತದೆ. ನೀನು ಹಾಗೆಯೇ. ಕ್ಲಿನಿಕ್ಕಿನಲ್ಲಿ ಯಾವುದಾದರೂ ಮಗುವಿಗೆ ಹೆಚ್ಚಾದ ದಿನ ಡಬ್ಬಿ ತೆಗೆಯದೆ ಗೋಡೆ ನೋಡುತ್ತಾ ಕೂರುತ್ತಿದ್ದೆ. ಒಂದೇ ಸಾಲು ಸಾಕು. ಎರಡೇ ಅಕ್ಷರವಾದರೂ ಸಾಕು.

ಸಮತಾ

*

ಹೊಸಮನೆ
5 ಡಿಸೆಂಬರ್ 2025

ಸಮತಾ,

ಮಗು ಇದೆ.

ಮೊದಲ ಸಾಲಿನಲ್ಲಿ ಬರೆ ಅಂದಿದ್ದೆಯಲ್ಲ, ಬರೆದೆ. ಈಗ ಮಿಕ್ಕದ್ದು. ಇದನ್ನು ನವೆಂಬರ್ ಹತ್ತರಂದೇ ಬರೆಯಬೇಕಿತ್ತು.

ವಿಮಲಮ್ಮ ನನಗೆ ಹೊಸಬರಲ್ಲ. ಸಂಧ್ಯಾಳ ಮೊದಲ ಮಗುವಿನ ಕಾಲದಿಂದಲೂ ಫೋನ್ ಮಾಡುತ್ತಿದ್ದವರು, ನನ್ನ ಸ್ವಂತ ನಂಬರೂ ಅವರ ಹತ್ತಿರ ಇತ್ತು. ಅವತ್ತು ಗುರುವಾರ ನಿನ್ನ ನಾಲ್ಕು ಸಾಲು ಅವರಿಗೆ ಹೋದದ್ದು ನಾಲ್ಕೂ ಹತ್ತಕ್ಕೆ. ನಾಲ್ಕೂ ನಲವತ್ತಕ್ಕೆ ನನಗೆ ಫೋನ್ ಬಂತು. ಶಿವಮೊಗ್ಗದ ತಾಯಂದಿರ ಫೋನ್ ಬಂದರೆ ನಾನು ಎತ್ತುವುದನ್ನು ಜೂನ್‌ನಲ್ಲೇ ಬಿಟ್ಟಿದ್ದೆ. ಭದ್ರಾವತಿಯವರದ್ದನ್ನೂ. ಕೆಲಸ ತೆಗೆದುಕೊಂಡವರು ಉತ್ತರವನ್ನೂ ಕೊಡಲಿ ಅಂತ. ಏಳು ಗಂಟೆಗೆ ಮತ್ತೆ ಬಂತು. ನಾನು ಅಮ್ಮಿಗೆ ರೊಟ್ಟಿ ತಟ್ಟುತ್ತಿದ್ದೆ. 'ಎತ್ತೇ, ಯಾರೋ ಪಾಪ' ಎಂದು ಅಮ್ಮಿ ಎರಡು ಸಲ ಅಂದರು. ಮೊಬೈಲನ್ನು ಬೋರಲು ಹಾಕಿದೆ.

ಬೆಳಗ್ಗೆ ಆರೂಕಾಲಿಗೆ ಮೂರನೆಯ ಸಲ ಬಂತು. ಎತ್ತಿದೆ. ವಿಮಲಮ್ಮ ಅಳುತ್ತಿರಲಿಲ್ಲ, ಸಿಟ್ಟಾಗಿದ್ದರು. 'ಏನಮ್ಮ ನಿಮ್ಮ ಕ್ಲಿನಿಕ್ಕು? ಮಗು ಯಾವತ್ತು ಹುಟ್ಟಿದ್ದು ಅಂತಾನೂ ಕೇಳ್ದೆ ಉತ್ರ ಕೊಟ್ಟಿದೆ. ಯಾರ್ ಮಗೂಗೆ ಕೊಡ್ತೋ ಏನೋ. ನಂಗೆ ನಂಬ್ಕೆ ಬರ್ಲಿಲ್ಲ, ನಿನ್ನೆಯಿಂದ ನಿಂಗೇ ಮಾಡ್ತಿದೀನಿ.' ನಾನು ಕೇಳಿದೆ, 'ಯಾವತ್ತು ಹುಟ್ಟಿದ್ದು ಅಜ್ಜಿ?' 'ಗಣಪತಿ ಕೂರಿಸಿದ ಮಾರನೇ ದಿನ' ಅಂದರು. ಎರಡು ತಿಂಗಳು ಮೂರು ದಿನ. ಹಾಲು ಕುಡೀತಿದೆಯಾ ಅಂದೆ. ರಾತ್ರಿಯಿಂದ ಕುಡಿದಿರಲಿಲ್ಲ. ಬಟ್ಟೆ ಬದಲಿಸಲೂ ನಿಲ್ಲಬೇಡಿ, ಹೊರಡಿ ಅಂದೆ.

ನಿನ್ನ ಮೊದಲ ಕಾಗದದಲ್ಲಿ ಜನ್ನಾಪುರ ಅಂತ ಓದಿದಾಗಲೇ ಅನುಮಾನ ಬಂದಿತ್ತು. ಅದಕ್ಕೇ ಗಂಟೆ ಕೇಳಿದ್ದು, ಅಂಕಿ ಕೇಳಿದ್ದು. ಬೇರೆ ಯಾವುದೋ ಮನೆ ಆಗಿರಲಿ ಅಂತ. ಬೀಗ ಹಾಕಿದ ಮನೆಯ ಮುಂದೆ ನಾನು ನಿಂತದ್ದು ನಿಜ. ಯಾವ ಆಸ್ಪತ್ರೆ ಅಂತ ಗೊತ್ತಿಲ್ಲ ಅನ್ನುವಂತೆ ಬರೆದದ್ದು ಸುಳ್ಳು. ಶಿವಮೊಗ್ಗದಲ್ಲೇ ಇದ್ದರು. ನೀನು ಇಲ್ಲಿ ಹುಡುಕಿಸುತ್ತಿದ್ದ ಮಗು ನಿಮ್ಮ ಗೋಪಾಳದಿಂದ ಕಾಲು ಗಂಟೆಯ ದಾರಿಯಲ್ಲಿ ಮಲಗಿತ್ತು. ಒಂದು ದಿನ ಹೋಗಿ ವಾರ್ಡಿನ ಬಾಗಿಲ ತನಕ ನಡೆದು ವಾಪಸ್ ಬಂದೆ.

ಮೆದುಳಿನ ಪೊರೆಗೆ ಸೋಂಕು. ಇಪ್ಪತ್ತೊಂದು ದಿನ ಇದ್ದು ಮನೆಗೆ ಬಂದಿದ್ದಾರೆ. ಗಂಡು ಮಗು. ಮೊನ್ನೆ ಧೈರ್ಯ ಮಾಡಿ ಹೋಗಿ ನೋಡಿದೆ. ಹಾಲು ಕುಡೀತಾನೆ, ನಗ್ತಾನೆ. ಎಡಗಡೆ ನಿಂತು ಚಪ್ಪಾಳೆ ತಟ್ಟಿದರೆ ತಿರುಗುತ್ತಾನೆ. ಬಲಗಡೆ ತಟ್ಟಿದರೆ ತಿರುಗುವುದಿಲ್ಲ. ಕಿವಿ ಪರೀಕ್ಷೆಗೆ ಜನವರಿ ಕೊನೆಗೆ ಬರಹೇಳಿದ್ದಾರೆ. ಹಿಂದಿನ ಸಂಜೆಯೇ ಬಂದಿದ್ದರೆ ಹೀಗಾಗುತ್ತಿರಲಿಲ್ಲವಾ ಅಂತ ಅಲ್ಲಿಯ ಡಾಕ್ಟರನ್ನು ಸಂಧ್ಯಾ ಕೇಳಿದಳಂತೆ. ಹೇಳೋಕಾಗಲ್ಲಮ್ಮ ಅಂದರಂತೆ.

ನಾಲ್ಕೂ ಹತ್ತರಿಂದ ಅರ್ಧ ಗಂಟೆ ನಿನ್ನದು. ಅಲ್ಲಿಂದ ಬೆಳಗ್ಗೆ ಆರೂಕಾಲರ ತನಕ ನನ್ನದು.

ಸುಮೇರಾ

*

ಗೋಪಾಳ
16 ಡಿಸೆಂಬರ್ 2025

ಸುಮೇರಾ,

ನಿನ್ನ ಕಾಗದ ಓದಿ ಅತ್ತದ್ದು ಅತ್ತೆಗೆ ಕಾಣಿಸಿತು. ಎಲ್ಲವನ್ನೂ ಹೇಳಬೇಕಾಯಿತು. ದುಶ್ಯಂತ್‌ಗೂ ಹೇಳಿದೆ. ಅವರು 'ಲಾಯರ್ ಒಬ್ರನ್ನ ಕೇಳೋಣ' ಅಂದರು. ಅತ್ತೆ ನನ್ನ ಮಗಳ ತಲೆ ನೇವರಿಸುತ್ತಾ, 'ನಾನು ಮೂರು ಅಂದಿದ್ದೇ ತಪ್ಪಾಯ್ತಾ?' ಅಂದರು. ಅವರು ಹಾಗೆ ಅಂದಿರದಿದ್ದರೆ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಹಾಗಂತ ಹೇಳಿದೆ. ನಂಬಲಿಲ್ಲ. ಈಗ ಯಾರಾದರೂ ಕೇಳಿದರೆ ತಾರೀಕು ಹೇಳುತ್ತಾರೆ, ಅದೂ ಹೆದರಿ ಹೆದರಿ.

ನೀನು ಗಂಟೆ ಪಾಲು ಮಾಡಿದ್ದನ್ನು ನಾನು ಒಪ್ಪುವುದಿಲ್ಲ. ಫೋನಿನ ಪಕ್ಕ ಕೂರುವುದು ಆಗ ನಿನ್ನ ಕೆಲಸವಾಗಿರಲಿಲ್ಲ. ನಿನ್ನನ್ನು ಅಲ್ಲಿಂದ ಎಬ್ಬಿಸಿದವಳು ನಾನು. ಮೊಬೈಲನ್ನು ನೀನು ಬೋರಲು ಹಾಕಿದೆ ಅನ್ನುವುದನ್ನು ಓದುವಾಗ ನನಗೆ ಸಿಟ್ಟು ಬಂತು, ಅದನ್ನೂ ಬರೆದುಬಿಡುತ್ತೇನೆ. ಮರುಕ್ಷಣವೇ ಸಿಟ್ಟು ಇಳಿದು, ಸುಸ್ತಾಯಿತು. ವಿಮಲಮ್ಮ ನಂಬಲಿಲ್ಲ ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ಓದಿದೆ. ನಾನು ಹರಟೆ ಎಂದು ಅಳಿಸಿದ ಮಾತು ಇಲ್ಲದ್ದಕ್ಕೇ ಅವರಿಗೆ ಅನುಮಾನ ಬಂದದ್ದು.

ಡಾಕ್ಟರ್ ಎರಡು ಸಾವಿರದ ಮುನ್ನೂರನ್ನೂ ಓದಿ ಮುಗಿಸಿದರು. ಇನ್ನೂ ಆರು ಕಡೆ ತಿಂಗಳು ತಪ್ಪಿತ್ತು, ಆರು ಮನೆಗೂ ಅವರೇ ಫೋನ್ ಮಾಡಿದರು. ಸೂಚನೆಯನ್ನು ಮೊದಲಿನಿಂದ ಬರೆಯಿರಿ, ನಾನು ಪಕ್ಕದಲ್ಲಿ ಕೂತು ಓದುತ್ತೇನೆ ಅಂದಿದ್ದಾರೆ. ನಿನಗೆ ಫೋನ್ ಮಾಡಲು ನಾಚಿಕೆ ಅವರಿಗೆ. ಒಂದಲ್ಲ ಒಂದು ದಿನ ಮಾಡುತ್ತಾರೆ. ಎತ್ತುವುದು ಬಿಡುವುದು ನಿನಗೆ ಬಿಟ್ಟದ್ದು.

ಹೊಸದನ್ನು ಬರೆದಿದ್ದೇನೆ. ಮೊದಲ ಮಾತು ಇದು: 'ಮಗು ಹುಟ್ಟಿದ ದಿನ ತಿಳಿಯುವ ತನಕ ಉತ್ತರ ಕೊಡಬೇಡ. ಎಷ್ಟು ತಿಂಗಳು ಎಂದು ಅವರು ಹೇಳಿದ್ದನ್ನು ವಯಸ್ಸು ಎಂದು ತೆಗೆದುಕೊಳ್ಳಬೇಡ. ಹಬ್ಬದ ಹೆಸರು ಹೇಳಿದರೆ ತಾರೀಕು ಮಾಡಿಕೊಂಡು, ಮಾಡಿಕೊಂಡದ್ದನ್ನು ಅವರಿಗೇ ಓದಿ ಹೇಳಿ ಒಪ್ಪಿಸಿಕೋ. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನು, ಮನುಷ್ಯರಿಗೆ ಫೋನ್ ಕೊಡು.' ನಿನ್ನ ನೋಟ್‌ಬುಕ್ಕಿನ ಪುಟಗಳನ್ನು ಈ ಸಲ ಹೇಗಿದ್ದವೋ ಹಾಗೇ ಹಾಕಿದೆ. ಹಾಕುವ ಮೊದಲು ನಿನ್ನನ್ನು ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ. ನೀನು ಬೇಡ ಅಂದರೆ ತೆಗೆಯುತ್ತೇನೆ. ನಿನ್ನ ಉತ್ತರ ಬರುವ ತನಕ ಲೈನ್ ತೆರೆಯುವುದಿಲ್ಲ.

ವಿಮಲಮ್ಮನ ಮಾತನ್ನೇ ಅದಕ್ಕೆ ಐವತ್ತು ಸಲ ಕಳಿಸಿದೆ. ಐವತ್ತು ಸಲವೂ 'ಮಗು ಹುಟ್ಟಿದ್ದು ಯಾವತ್ತಮ್ಮ?' ಎಂದೇ ಕೇಳಿತು. ಮೊದಲೆಲ್ಲ ಹಾಗೆ ಒಂದೇ ಥರ ಬಂದರೆ ಸಂತೋಷವಾಗುತ್ತಿತ್ತು. ಈಗ ಹೆದರಿಕೆಯಾಗುತ್ತದೆ. ಹೋದ ಸಲವೂ ಐವತ್ತಕ್ಕೆ ಐವತ್ತು ಒಂದೇ ಥರ ಇದ್ದವಲ್ಲ. ತಪ್ಪು ಕೂಡ ಎಷ್ಟು ಅಚ್ಚುಕಟ್ಟಾಗಿ ಬಂದಿತ್ತು, ಸಾಲಿಗೆ ಸಾಲು. ಈ ಸಲ ನಾನು ಏನನ್ನು ಹರಟೆ ಎಂದುಕೊಂಡಿದ್ದೇನೋ ಯಾರಿಗೆ ಗೊತ್ತು.

ಸಂಧ್ಯಾಗೆ ಹೇಳಬೇಕು. ಕ್ಲಿನಿಕ್ಕಿನಿಂದ ಡಾಕ್ಟರ್ ಹೇಳಿದರೆ ಆಗುವುದಿಲ್ಲ. ಅವರೂ ಆಮೇಲೆ ಬರುತ್ತಾರಂತೆ, ಕಿವಿ ಪರೀಕ್ಷೆಯ ಜವಾಬ್ದಾರಿ ತಮ್ಮದು ಅಂದಿದ್ದಾರೆ. ಮೊದಲು ನಾನು ಹೋಗಬೇಕು. ಲಾಯರ್ ಬೇಡ ಅಂದೆ. ನಾನು ಹೊಸ್ತಿಲು ದಾಟಲು ಅತ್ತೆ ಒಪ್ಪಿದ್ದಾರೆ. ನೀನು ಜೊತೆಗೆ ಬರುತ್ತೀಯಾ?

ಸಮತಾ

*

ಹೊಸಮನೆ
26 ಡಿಸೆಂಬರ್ 2025

ಸಮತಾ,

ನೋಟ್‌ಬುಕ್ ಇಟ್ಟುಕೋ. ಮೊದಲ ಪುಟದಲ್ಲಿ ನನ್ನ ಹೆಸರಿದೆ, ಅದನ್ನು ಅಳಿಸಬೇಡ. ನಲವತ್ತನೇ ಪುಟದಲ್ಲಿ ಗ್ರೈಪ್ ವಾಟರ್ ಬಗ್ಗೆ ಬರೆದದ್ದು ತಪ್ಪು, ಆಗ ನನಗೆ ಗೊತ್ತಿರಲಿಲ್ಲ. ಆ ಪುಟ ತೆಗೆ. ನೋಡು, ನನ್ನದರಲ್ಲೂ ಇದೆ.

ಡಾಕ್ಟರ್ ಫೋನ್ ಮಾಡಿದ್ದರು. ಎತ್ತಿದೆ. 'ಹೇಗಿದೀರ ಸುಮೇರಾ' ಅಂದವರು ಕೆಮ್ಮಿ, ಮತ್ತೆ ಕೆಲಸಕ್ಕೆ ಬರ್ತೀರಾ ಅಂತ ಕೇಳಿದರು. ಯೋಚಿಸಿ ಹೇಳ್ತೀನಿ ಸಾರ್ ಅಂದೆ. ಇನ್ನೂ ಯೋಚಿಸುತ್ತಿದ್ದೇನೆ.

ಜನ್ನಾಪುರಕ್ಕೆ ಹೋಗಿ ನನ್ನ ಪಾಲಿನದನ್ನು ಹೇಳಿ ಬಂದೆ. ನೀನು ಬರುವ ತನಕ ಕಾದರೆ ನಿನ್ನ ಹಿಂದೆ ಅಡಗಿಕೊಳ್ಳುತ್ತೇನೆ ಅನ್ನಿಸಿತು. ವಿಮಲಮ್ಮ ಬೈದರು, ಬಾಯಿಗೆ ಬಂದ ಹಾಗೆ ಬೈದರು, ಆಮೇಲೆ ಟೀ ಕೊಟ್ಟರು. ಸಂಧ್ಯಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಹೊರಡುವಾಗ ಬಾಗಿಲಿಗೆ ಬಂದು, 'ಅದನ್ನ ಬರೆದೋರು ಯಾರಕ್ಕ?' ಅಂತ ಕೇಳಿದಳು. ನನ್ನ ಗೆಳತಿ ಅಂದೆ. 'ಅವರಿಗೆ ಮಕ್ಕಳಿದ್ದಾರಾ?' ಅಂದಳು. ಇದ್ದಾಳೆ, ಒಬ್ಬಳು ಅಂದೆ. 'ಎಷ್ಟು ದಿನದ್ದು?' ಅಂದಳು.

ಉತ್ತರ ಕೊಡಲು ನನಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತಾ ಬಂದೆ. ಐದು ಕಾಗದ ಬರೆದಿದ್ದೀಯ. ಗಂಟೆ ಬರೆದೆ, ಅಂಕಿ ಬರೆದೆ, ಎಷ್ಟು ಸಲ ಏನು ಕಳಿಸಿದೆ ಅಂತ ಬರೆದೆ. ನಿನ್ನ ಮಗಳು ಹುಟ್ಟಿದ್ದು ಯಾವತ್ತು ಅಂತ ಎಲ್ಲೂ ಬರೆದಿಲ್ಲ. ನಾನೂ ಕೇಳಲಿಲ್ಲ. ಆರು ವರ್ಷದಲ್ಲಿ ಒಬ್ಬ ತಾಯಿಯನ್ನೂ ಕೇಳದೆ ಬಿಟ್ಟಿರಲಿಲ್ಲ.

ಯಾವತ್ತಮ್ಮ?

ಜನವರಿ ನಾಲ್ಕು, ಭಾನುವಾರ ಬಾ. ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ. ನಿನ್ನ ನಂಬರ್ ಬ್ಲಾಕ್ ತೆಗೆದಿದ್ದೇನೆ. ಆದರೂ ಇದಕ್ಕೆ ಉತ್ತರವನ್ನು ಕಾಗದದಲ್ಲೇ ಬರೆ.

ನಿನ್ನ
ಸುಮೇರಾ

*

ಗೋಪಾಳ
30 ಡಿಸೆಂಬರ್ 2025

ಪ್ರೀತಿಯ ಸುಮೇರಾ,

ಮೊದಲಿಗೆ ಬರೆಯದೆ ಇದ್ದದ್ದು ಮರೆತು. ಡಿಸೆಂಬರ್ ಐದರ ನಿನ್ನ ಕಾಗದ ಬಂದ ಮೇಲೆ ಬರೆಯದೆ ಇದ್ದದ್ದು ಬೇಕೆಂದೇ. 'ಗಣಪತಿ ಕೂರಿಸಿದ ಮಾರನೇ ದಿನ' ಎಂದು ಓದಿದೆ. ಕಾಗದವನ್ನು ಮಡಚಿ ದಿಂಬಿನ ಕೆಳಗಿಟ್ಟೆ.

ನನ್ನ ಮಗಳು ಹುಟ್ಟಿದ್ದು ಅದರ ಮಾರನೇ ದಿನ. ಆಗಸ್ಟ್ 29, ಶುಕ್ರವಾರ. ನಮ್ಮ ಬೀದಿಯ ಗಣಪತಿಯನ್ನು ಬಿಡಲು ಹೊರಟಿದ್ದರು, ಕಾರು ತಿರುಗಿಸಲು ಜಾಗವಿರಲಿಲ್ಲ. ದುಶ್ಯಂತ್ ಇಳಿದು ಕೈಮುಗಿದು ದಾರಿ ಬಿಡಿಸಿಕೊಂಡರು. ಡೋಲು ಬಡಿಯುತ್ತಿದ್ದವರು ನನ್ನನ್ನು ನೋಡಿ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ನಾವು ಹೋದೆವು. ಸಂಜೆ ಐದೂವರೆಗೆ ಹುಟ್ಟಿದಳು.

ಆ ಮಗುವಿಗಿಂತ ಒಂದೇ ದಿನ ಚಿಕ್ಕವಳು. ಅದನ್ನು ಬರೆದರೆ ಅಲ್ಲಿಯದು ಇಲ್ಲಿಗೆ ದಾಟಿ ಬರುತ್ತದೆ ಅನ್ನಿಸಿತ್ತು. ಓದಿದವಳು ಹೀಗೆ ಯೋಚಿಸಬಾರದು, ಗೊತ್ತು. ಅಕ್ಟೋಬರ್ ಮೂವತ್ತರ ಸಂಜೆ ಇವಳಿಗೆ ಮೈ ಬಿಸಿಯಾಗಿ, ನಾನು ಮನೆಯಲ್ಲಿಲ್ಲದೆ, ಅತ್ತೆ ಆ ಲೈನಿಗೆ ಕೇಳಿದ್ದರೆ 'ಮೂರು' ಅನ್ನುತ್ತಿದ್ದರು. ನಾನು ಬರೆದ ನಾಲ್ಕು ಸಾಲು ನನ್ನ ಮನೆಗೇ ಬರುತ್ತಿತ್ತು. ಅತ್ತೆ ವಿಮಲಮ್ಮನಂತಲ್ಲ, ಸುಮೇರಾ. ಸೊಸೆ ಬರೆದದ್ದು ಎಂದು ನಂಬುತ್ತಿದ್ದರು.

ನಿನ್ನೆ ಬೆಳಗ್ಗೆ ಅವಳ ಹಿಂದೆ ನಿಂತು ಚಮಚದಿಂದ ಲೋಟ ಬಡಿದೆ. ಎಡಗಡೆ ಬಡಿದರೆ ಎಡಕ್ಕೆ ತಿರುಗಿದಳು. ಬಲಗಡೆ ಬಡಿದರೆ ಬಲಕ್ಕೆ ತಿರುಗಿದಳು. ಮತ್ತೆ ಬಡಿದೆ. ಅವಳು ಅಳಲು ಶುರುಮಾಡುವ ತನಕ ಬಡಿದೆ. ಅತ್ತೆ ಬಂದು ಚಮಚ ಕಿತ್ತುಕೊಂಡರು.

ಭಾನುವಾರ ಹತ್ತೂವರೆಯ ಬಸ್ಸಿಗೆ ಬರುತ್ತೇನೆ. ಅವಳನ್ನೂ ಕರೆದುಕೊಂಡು. ಬಿಟ್ಟು ಬಂದರೆ ಬಚ್ಚಿಟ್ಟು ಬಂದ ಹಾಗೆ. ಸಂಧ್ಯಾಗೆ ಏನು ಹೇಳಬೇಕೆಂದು ಬರೆದಿಟ್ಟುಕೊಳ್ಳಲು ಕೂತಿದ್ದೆ. ಎಣಿಸಿ ನೋಡಿದರೆ ನಾಲ್ಕು ಸಾಲಾಗಿತ್ತು. ಹರಿದು ಹಾಕಿದೆ.

ಆಕೆ ಕೇಳಿದ್ದು ಎಷ್ಟು ದಿನದ್ದು ಎಂದಲ್ಲವೇ? ನಾನು ತಿಂಗಳು ಹೇಳುವುದಿಲ್ಲ, ಹುಟ್ಟಿದ ದಿನವನ್ನೇ ಹೇಳುತ್ತೇನೆ. ಅವಳು ಬೆರಳು ಮಡಚಿ ಎಣಿಸುವಾಗ ನೀನು ನನ್ನ ಪಕ್ಕದಲ್ಲಿ ಕೂತಿರು.

ನಿನ್ನ
ಸಮತಾ